ಕೋಟೆಯ ಮಣ್ಣು

ಎಳ್ಳಮಾವಾಸ್ಯೆಯ ದಿನ, ಊರಿಗೆ ಊರೇ ಹೊಲದಲ್ಲಿ ಉಣ್ಣಲು ಕುಳಿತಿದ್ದಾಗ, ಝರೆಪ್ಪ ಮೊದಲ ಸಲ ಬೀದರ್ ಬಿಟ್ಟು ನಡೆದಿದ್ದ. ಶಾಲೆಯನ್ನು ಅದಕ್ಕೂ ಮೊದಲೇ ಬಿಟ್ಟಾಗಿತ್ತು. ಆಮೇಲೆ ಯಾವ ಊರಲ್ಲೂ ಅವನ ಕಾಲು ನಿಲ್ಲಲಿಲ್ಲ. ಕಡಲ ದಂಡೆಯ ಈ ಮಠದಲ್ಲಿ ಮಾತ್ರ ಕೆಲವು ವರ್ಷ ಉಳಿದ. ಈಗ ಇಲ್ಲಿಂದಲೂ ಹೊರಡುವ ಮನಸ್ಸಾಗಿ, ಗುರುಗಳ ಮುಂದೆ ಕುಳಿತು ಕೇಳಿದ:

“ಅಪ್ಪಾವ್ರೇ, ನಮ್ಮಜ್ಜಿ ಬೀಸುವ ಕಲ್ಲಿನ ಮುಂದೆ ನಾಡಿನ ಕತೆಯನ್ನೆಲ್ಲ ಹಾಡುತ್ತಿದ್ದಳು. ಕೋಟೆ ಕಟ್ಟಿದವರು, ನೆಲದಡಿ ನೀರು ಹರಿಸಿದವರು, ಎಲ್ಲರೂ ಆ ಪದಗಳಲ್ಲಿದ್ದರು. ಊರಿನಿಂದ ನಾನು ತಂದದ್ದು ಅಷ್ಟೇ. ಕಂಡಕಂಡವರ ಮುಂದೆ ಹಾಡಿ ಹಗುರ ಮಾಡಲಿಲ್ಲ, ಎದೆಯಲ್ಲೇ ಇಟ್ಟುಕೊಂಡೆ. ಆದರೂ ಒಂದೊಂದೇ ಜಾರಿಹೋಗುತ್ತಿವೆ. ಇಷ್ಟು ಜತನ ಮಾಡಿದರೂ ಯಾಕೆ ಹೀಗೆ?”

ಗುರುಗಳು ಕತೆ ಹೇಳಿದರು.

ನಿನ್ನೂರಲ್ಲಿ ಒಬ್ಬ ಬಿದರಿ ಕಸುಬುದಾರನಿದ್ದ. ಸತುವಿನ ಹೂಜಿಯ ಮೈಮೇಲೆ ಬೆಳ್ಳಿಯ ಬಳ್ಳಿ ಕೂರಿಸುವುದು ಅವನ ಕೆಲಸ. ಕೂರಿಸಿದ ಕೂಡಲೇ ಬಳ್ಳಿ ಕಾಣುವುದಿಲ್ಲ; ಹೂಜಿಯೂ ಬಿಳಿಚು, ಬಳ್ಳಿಯೂ ಬಿಳಿಚು. ಬಿಸಿಲು ಮಳೆ ತಾಕದ ಕೋಟೆಯ ಮಣ್ಣನ್ನು ಕಲಸಿ ತಿಕ್ಕಿದರೆ ಹೂಜಿ ಕಪ್ಪಾಗುತ್ತದೆ, ಆಗ ಬೆಳ್ಳಿ ಎದ್ದು ಕಾಣುತ್ತದೆ. ಯಾವ ಮಣ್ಣು ಆದೀತೆಂದು ಆ ಕಸುಬಿನವರು ನಾಲಿಗೆಗೆ ಇಟ್ಟು ನೋಡುತ್ತಾರೆ; ಚುರುಗುಟ್ಟಿದರೆ ಸರಿ, ಸಪ್ಪಗಿದ್ದರೆ ಕೆಲಸಕ್ಕೆ ಬಾರದು.

ಈ ಕಸುಬುದಾರ ಒಂದು ಚೀಲ ಕೋಟೆಯ ಮಣ್ಣು ಹೊತ್ತು ದೂರದ ಊರಿಗೆ ಹೋದ. ಮೊದಲ ಹೂಜಿ ಸಿದ್ಧವಾಯಿತು. ಚೀಲಕ್ಕೆ ಕೈ ಹಾಕಿದ, ಮನಸ್ಸು ಬರಲಿಲ್ಲ. ತಿಕ್ಕಿದರೆ ಮುಗಿದುಹೋಗುತ್ತದೆ, ಆಮೇಲೆ ನನಗೆ ಊರೆಲ್ಲಿ ಎಂದುಕೊಂಡು ಕೆರೆಯ ಮಣ್ಣು ತಿಕ್ಕಿದ. ಹೂಜಿ ಬೂದಿ ಬಣ್ಣದಲ್ಲೇ ಉಳಿಯಿತು.

“ಬೆಳ್ಳಿ ಹಾಕಿದ್ದೇನೆ ಅಂತೀಯಲ್ಲ ಮಾರಾಯ, ಅದೇನು ನಾಚಿಕೊಂಡು ಒಳಗೆ ಕೂತಿದೆಯಾ?” ಎಂದು ಕೊಳ್ಳಲು ಬಂದವರು ನಕ್ಕರು.

ಸಂಜೆಯಾದರೆ ಅವನು ಚೀಲ ಬಿಚ್ಚಿ, ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟುಕೊಂಡು ಊರನ್ನು ನೆನೆಯುತ್ತಿದ್ದ. ಒಂದು ಮಳೆಗಾಲ ಚೀಲಕ್ಕೆ ತೇವ ಹಿಡಿಯಿತು. ಮಣ್ಣು ಕೆಟ್ಟೀತೆಂಬ ಭಯದಲ್ಲಿ ಕಸುಬೇ ಮರೆತುಹೋಗಿ, ಅದನ್ನು ಬಿಸಿಲಿಗೆ ಹರವಿ ಕಾದು ಕೂತ. ತುಂಬಿಕೊಳ್ಳುವಾಗ ನಾಲಿಗೆಗೆ ಇಟ್ಟ. ಸಪ್ಪಗಿತ್ತು. ಚೀಲವೇನೋ ಅಷ್ಟೇ ಭಾರವಿತ್ತು.

“ಎಂಥ ಹುಚ್ಚನಪ್ಪಾ!” ಎಂದ ಝರೆಪ್ಪ. “ಆ ಮೊದಲ ಹೂಜಿಗೇ ತಿಕ್ಕಿದ್ದರೆ ಊರು ಅದರ ಮೈಮೇಲೇ ಇರುತ್ತಿತ್ತಲ್ಲ.”

ಗುರುಗಳು ಕಡಲ ಕಡೆ ನೋಡುತ್ತಾ ಹೇಳಿದರು: “ನಾನೂ ಆ ಊರಿನವನೇ ತಮ್ಮಾ, ನನ್ನ ತಾಯಿಯೂ ಬೀಸುತ್ತಾ ಆ ಪದಗಳನ್ನೇ ಹಾಡುತ್ತಿದ್ದಳು, ಸಾಯುವುದರೊಳಗೆ ಇನ್ನೊಮ್ಮೆ ಕೇಳಿಯೇನೋ ಎಂದು ಇಷ್ಟು ವರ್ಷ ನಿನ್ನೆದುರಿಗೇ ಕೂತಿದ್ದೆ.”

ಝರೆಪ್ಪ ಹಾಡಲೆಂದು ಬಾಯಿ ತೆರೆದ. ಮೊದಲ ಸಾಲು ಬರಲಿಲ್ಲ. ಊರಲ್ಲಿ ಬೀಸುತ್ತಾ ಹಾಡುವವರು ಇನ್ನೂ ಯಾರಾದರೂ ಇದ್ದಾರು ಎನಿಸಿತು. ಎದ್ದು ಹೋಗಿ, ಕಂಬಳಿ ಹಾಸಿ, ಊರಿಗೆ ಹೊರಡಲು ಗಂಟು ಕಟ್ಟತೊಡಗಿದ.