ಹಿಮದ ಮೇಲಿನ ನೊಣ

ಉತ್ತರದಲ್ಲಿ, ಹಿಮ ಕರಗದ ಎತ್ತರದಲ್ಲಿ, ಒಂದು ಕುಟೀರ. ಅಲ್ಲಿ ವಿಜಯಪುರದ ಕಡೆಯ ಒಬ್ಬ ವೃದ್ಧ ಗುರು, ಅವರ ಶಿಷ್ಯ ಶಂಭುಲಿಂಗ. ಶಂಭುವಿನದು ಬೆಣ್ಣೆಯಂಥ ಮನಸ್ಸು. ನಾಲಿಗೆಗೆ ಮಾತ್ರ ಬಿಡುವೆಂಬುದಿಲ್ಲ.

ಅದೇ ವಿಜಯಪುರ ಸೀಮೆಯ ತೋಟಯ್ಯ ಅಲ್ಲಿಗೆ ಬಂದ. ತಂಗಿಯನ್ನು ಕಳೆದುಕೊಂಡಿದ್ದ. ದಿನವಿಡೀ ಹೊರಗೆ ಕಲ್ಲಿನ ಮೇಲೆ ಮಾತಿಲ್ಲದೆ ಕೂತಿರುತ್ತಿದ್ದ.

ಶಂಭುವಿಗೆ ಅದನ್ನು ನೋಡಲಾಗದು. ಕೈಹಿಡಿದು ಒಲೆಯ ಬಳಿಗೆ ಎಳೆತರುವನು, ಬಿಸಿ ಗಂಜಿ ಕುಡಿಸುವನು, ಹುಟ್ಟಿದವರು ಸಾಯಲೇಬೇಕೆಂದು ಹೇಳಿದ್ದನ್ನೇ ಹೇಳುವನು.

ಒಂದು ಬೆಳಿಗ್ಗೆ ತೋಟಯ್ಯ ಗಂಟು ಕಟ್ಟಿದ.

"ನಾಳೆ ಇಳದು ಹೋಗ್ತೀನ್ರಿ," ಎಂದಷ್ಟೇ ಹೇಳಿ ಮತ್ತೆ ಕಲ್ಲಿನ ಕಡೆ ಹೋದ.

ಶಂಭುವಿಗೆ ಅಳುವೇ ಬಂತು. ಹಿಮದ ಮೇಲೆ ಸುಮ್ಮನೆ ಅಲೆಯುತ್ತಿದ್ದಾಗ ಒಂದು ಪುಟ್ಟ ನೊಣ ಕಂಡಿತು. ಮೋಟು ರೆಕ್ಕೆ. ಹಾರಲಾರದೆ ಹಿಮದ ಮೇಲೇ ನಡೆಯುತ್ತಿತ್ತು.

ಅಯ್ಯೋ ಪಾಪ ಎಂದು ಅದನ್ನೆತ್ತಿ ಅಂಗೈಯಲ್ಲಿ ಮುಚ್ಚಿ ಬಿಸಿಯುಸಿರು ಊದಿದ. ನೊಣ ಒದ್ದಾಡಿತು. ಆಮೇಲೆ ಕಾಲು ಮಡಚಿತು.

ಸತ್ತ ನೊಣವನ್ನು ಗುರುವಿನ ಮುಂದೆ ಹಿಡಿದ. "ಬೆಚ್ಚಗ ಇಟ್ಕೊಂಡಿದ್ದೆನ್ರಿ ಅಪ್ಪಾರ."

"ಅದು ಹಿಮದಾಗ ಹುಟ್ಟಿ ಹಿಮದಾಗ ಬೆಳದದ್ದು. ನಿನ್ನ ಅಂಗೈ ಅದಕ್ಕ ಕಾದ ಹಂಚು."

"ಹಂಗಾರ ಕರುಣೆ ತೋರ್ಸೂದೇ ತಪ್ಪೇನ್ರಿ?"

ಗುರು ಹೊರಗೆ ಬಂದರು. ಹಿಮದ ಮೇಲೆ ಬರಿಗೈಯನ್ನು ಅಂಗಾತ ಇಟ್ಟು ಕೂತರು. ಬೆರಳು ಕೆಂಪಾದವು, ಆಮೇಲೆ ಬಿಳಿಚಿದವು. ಆಗ ಇನ್ನೊಂದು ನೊಣ ಬಂತು. ಅಂಗೈ ಹತ್ತಿ, ನಿಧಾನವಾಗಿ ದಾಟಿ, ತನ್ನ ಪಾಡಿಗೆ ಹೋಯಿತು.

ಶಂಭು ಕಲ್ಲಿನತ್ತ ನೋಡಿದ. ಎದ್ದು ಹೋಗಿ ತೋಟಯ್ಯನ ಪಕ್ಕದಲ್ಲಿ ಕೂತ. ಹಲ್ಲು ಕಟಕಟ ಎಂದವು, ಮಾತು ಮಾತ್ರ ಹೊರಡಲಿಲ್ಲ. ಅಷ್ಟು ಕಷ್ಟದ ತಪಸ್ಸನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಹೊತ್ತು ಇಳಿಯುವಾಗ ತೋಟಯ್ಯನೇ ಬಾಯಿ ತೆರೆದ.

"ಒಮ್ಮೆರ ಹಿಮ ನೋಡ್ಬೇಕು ಅಂತಿದ್ಲು ನಮ್ಮ ತಂಗಿ."

ಶಂಭು ತಲೆಯಾಡಿಸಿದ. ಅವನ ಕಣ್ಣೂ ತುಂಬಿ ಬಂತು. ಇಬ್ಬರೂ ಹಿಮ ನೋಡುತ್ತ ಕೂತರು.

ಸಂಜೆ ಶಂಭು ಒಳಗೆ ಬಂದು ಒಲೆಗೆ ಅಂಟಿಕೊಂಡ. ಸ್ವಲ್ಪ ಹೊತ್ತಿಗೆ ಬಾಗಿಲು ಸರಿಯಿತು. ಯಾರೂ ಕರೆಯದೆ ತೋಟಯ್ಯ ಬಂದಿದ್ದ. ಮೂಲೆಯಲ್ಲಿದ್ದ ಗಂಟನ್ನು ಬಿಚ್ಚಿ ಕಂಬಳಿ ತೆಗೆದು ಹೊದ್ದ.

ಶಂಭುವಿನ ನಾಲಿಗೆಯ ತುದಿಗೆ ನೂರು ಮಾತು ಬಂದು ನಿಂತವು.

ಗುರು ಹೇಳಿದರು: "ಶಂಭು, ಸ್ವಲ್ಪ ಸರದು ಕೂಡು. ಒಲಿ ಅವಗೂ ಕಾಣ್ಲಿ."