ಕೈ ಕೊಟ್ಟ ರಾಜ

“ಬುದ್ಧಿ, ಒಮ್ಮೆ ಮಾತಿಗೆ ತಪ್ಪಿದವನು ಮತ್ತೆ ಯಾವ ಮುಖ ಇಟ್ಟುಕೊಂಡು ಹೋಗಬೇಕು?” ಎಂದು ಮಠದ ಶಿಷ್ಯ ನಿರ್ವಾಣಯ್ಯ ಗುರುಗಳನ್ನು ಕೇಳಿದ. ಅವನ ಭಾವ ಹಾಸಿಗೆ ಹಿಡಿದಿದ್ದ. ಕೊಯ್ಲಿಗೆ ಬರುತ್ತೇನೆಂದು ಅಕ್ಕನಿಗೆ ಭಾಷೆ ಕೊಟ್ಟು ಇವನು ಹೋಗಿರಲಿಲ್ಲ. ಅವಳೊಬ್ಬಳೇ ಹೇಗೋ ಕೊಯ್ದಿದ್ದಳು. ಒಕ್ಕಣೆ ಇನ್ನೂ ಆಗಿರಲಿಲ್ಲ.

“ಇರುವ ಒಂದೇ ಮುಖ ಇಟ್ಟುಕೊಂಡು ಹೋಗಬೇಕಪ್ಪ, ಇನ್ನೊಂದನ್ನು ಎಲ್ಲಿಂದ ತರುತ್ತೀಯ?” ಎಂದು ಗುರುಗಳು ನಕ್ಕರು. ಆಮೇಲೆ ಕತೆ ಹೇಳಿದರು.

ಬಡಗಣ ಸಮುದ್ರದ ದಡದಲ್ಲಿ ಡೇನರ ನಾಡು, ಈಗ ಡೆನ್ಮಾರ್ಕ್ ಅನ್ನುತ್ತಾರಲ್ಲ, ಅದು. ನಾನೂ ಕಂಡಿಲ್ಲ, ನೀನೂ ಕಂಡಿಲ್ಲ. ಬಹಳ ಹಿಂದೆ ಅಲ್ಲಿ ಸಿಂಹಾಸನದ ಮೇಲೆ ಯಾರೂ ನೆಮ್ಮದಿಯಾಗಿ ಕೂತದ್ದಿಲ್ಲ. ಅಣ್ಣನನ್ನು ತಮ್ಮ ಓಡಿಸುತ್ತಿದ್ದ, ತಮ್ಮನನ್ನು ಅವನ ಸರದಾರರು ಓಡಿಸುತ್ತಿದ್ದರು. ಆದರೂ ಒಂದು ಪದ್ಧತಿ ತಪ್ಪುತ್ತಿರಲಿಲ್ಲ. ಹೊಸ ರಾಜ ಬಯಲಿನ ಸಭೆಯಲ್ಲಿ ನಿಂತು, ರೈತರ ಹಿರಿಯನ ಕೈಯಲ್ಲಿ ಕೈಯಿಟ್ಟು ಮಾತು ಕೊಡಬೇಕು. ಅದಕ್ಕೆ ಜನ ‘ರಾಜ ಕೈ ಕೊಟ್ಟ’ ಅನ್ನುತ್ತಿದ್ದರು. ನಗಬೇಡ. ಆ ಮಾತಿಗೆ ನಮ್ಮಲ್ಲಿರುವ ಇನ್ನೊಂದು ಅರ್ಥ ಅಲ್ಲಿಯೂ ಇತ್ತು ಅಂತಿಟ್ಟುಕೋ, ಕತೆ ನನ್ನದು.

ಒಬ್ಬ ರಾಜ ಹಾಗೆ ಕೈ ಕೊಟ್ಟ. ‘ಉಳುವ ಎತ್ತನ್ನು ಯುದ್ಧಕ್ಕೆ ಎಳೆಯುವುದಿಲ್ಲ’ ಎಂದ. ಮೂರನೆಯ ವರ್ಷ ತಮ್ಮ ದಂಡೆತ್ತಿ ಬಂದ. ರಾಜ ಹೆದರಿದ. ದಂಡಿನ ಬಂಡಿಗಳಿಗೆ ನಾಡಿನ ಎತ್ತುಗಳನ್ನೆಲ್ಲ ಹೊಡೆದುಕೊಂಡು ಹೋದ. ಎತ್ತುಗಳೂ ಹೋದವು, ಯುದ್ಧವೂ ಹೋಯಿತು. ರಾಜ ಹರಕು ಬಟ್ಟೆ ತೊಟ್ಟು ಒಬ್ಬನೇ ಸಮುದ್ರದ ಕಡೆಗೆ ಓಡಿದ. ಅಲ್ಲಿ ಒಂದು ಹಡಗು ಕಾದಿತ್ತು. ಮಧ್ಯಾಹ್ನದೊಳಗೆ ಹತ್ತಿದರೆ ಜೀವ ಉಳಿಯುತ್ತಿತ್ತು.

ದಾರಿಯಲ್ಲಿ ಒಂದು ಹೊಲ. ಒಬ್ಬಳು ಮುದುಕಿ ನೊಗವನ್ನು ತನ್ನ ಹೆಗಲಿಗೇ ಕಟ್ಟಿಕೊಂಡು ನೇಗಿಲೆಳೆಯುತ್ತಿದ್ದಳು. ಹಿಂದೆ ಮೇಳಿ ಹಿಡಿಯುವವರಿಲ್ಲದೆ ನೇಗಿಲು ಮತ್ತೆ ಮತ್ತೆ ಮಗ್ಗುಲಿಗೆ ಬೀಳುತ್ತಿತ್ತು. ಇನ್ನೇನು ಹಿಮ ಬಿದ್ದು ನೆಲ ಕಲ್ಲಾಗುವ ಕಾಲ. ಇವತ್ತು ಉತ್ತು ಬಿತ್ತದಿದ್ದರೆ ವರ್ಷವೆಲ್ಲ ಉಪವಾಸ.

“ಏನಪ್ಪಾ, ಕಂಬದ ಹಾಗೆ ನಿಂತೆ? ಸ್ವಲ್ಪ ಕೈ ಕೊಡು ಬಾ” ಎಂದಳು.

ರಾಜ “ಒಂದು ಸಲ ಕೊಟ್ಟಾಗಿದೆ, ತಾಯಿ” ಎಂದ.

ಮುದುಕಿ ಅವನನ್ನು ದಿಟ್ಟಿಸಿ ನೋಡಿದಳು. ಪಟ್ಟದ ದಿನ ಸಭೆಯಲ್ಲಿ ಕಂಡ ಮುಖ. ಗುರುತು ಸಿಕ್ಕಿತು. ಬಯ್ಯಲಿಲ್ಲ. ಹೆಗಲಿನಿಂದ ನೊಗ ಇಳಿಸಿ ಅವನ ಮುಂದೆ ಇಟ್ಟಳು.

ರಾಜ ಒಮ್ಮೆ ಸಮುದ್ರದ ಕಡೆ ನೋಡಿದ. ಆಮೇಲೆ ಬಗ್ಗಿ ನೊಗ ಹೊತ್ತ. ಅವಳು ಮೇಳಿ ಹಿಡಿದಳು. ಅರ್ಧ ಹೊಲ ಆಗುವಷ್ಟರಲ್ಲಿ ಹಡಗಿನ ಹಾಯಿ ದೂರದಲ್ಲಿ ಕಂಡು ಮರೆಯಾಯಿತು. ಅವನು ನಿಲ್ಲಲಿಲ್ಲ. ಹೆಗಲ ಚರ್ಮ ಕಿತ್ತುಬಂತು. ಮುದುಕಿ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಮಡಿಸಿ, ನೊಗದ ಕೆಳಗೆ ಇಟ್ಟು, “ನೋಯುತ್ತದೇನೋ ಮಗನೇ?” ಎಂದಳು. ಅವನಿಗೆ ಅಳು ತಡೆಯಲಾಗಲಿಲ್ಲ.

ಹೊತ್ತು ಇಳಿಯುವಾಗ ತಮ್ಮನ ಸವಾರರು ಬಂದರು. ನೊಗ ಹೊತ್ತು ಮೈಯೆಲ್ಲ ಮಣ್ಣಾದವನನ್ನು ಅವರು ಸರಿಯಾಗಿ ನೋಡಲೂ ಇಲ್ಲ. “ಏ ಮುದುಕಿ, ರಾಜನನ್ನು ಕಂಡೆಯಾ?” ಎಂದರು.

“ಅಯ್ಯೋ, ಆ ರಾಜನೇ? ಅವನು ನನಗೆ ಕೈ ಕೊಟ್ಟನಲ್ಲಪ್ಪ!” ಎಂದಳು ಮುದುಕಿ.

ಸವಾರರು ಹೊಟ್ಟೆ ಹಿಡಿದುಕೊಂಡು ನಕ್ಕರು, ಕುದುರೆ ತಿರುಗಿಸಿಕೊಂಡು ಹೋದರು. ನೊಗದ ಕೆಳಗಿದ್ದವನು ನಗಲಿಲ್ಲ. ಉಳಿದ ಸಾಲುಗಳನ್ನು ಎಳೆದು ಮುಗಿಸಿದ.

ಗುರುಗಳು ಕತೆಯನ್ನು ಅಲ್ಲಿಗೆ ಮುಗಿಸಿದರು. ನಿರ್ವಾಣಯ್ಯನಿಗೆ ತಡೆಯಲಾಗಲಿಲ್ಲ. “ಬುದ್ಧಿ, ಅವಳು ಹೇಳಿದ್ದು ಯಾವ ಅರ್ಥದಲ್ಲಿ? ಮೋಸ ಮಾಡಿದ ಅಂತಲೋ, ನೆರವಾದ ಅಂತಲೋ?” ಎಂದ.

“ಅದೇ ಮಾತನ್ನು ಊರಲ್ಲಿ ನಿನ್ನಕ್ಕನೂ ಹೇಳುತ್ತಿದ್ದಾಳೆ ಕಣಪ್ಪ, ಅರ್ಥ ಬದಲಾಗುವುದಕ್ಕೆ ಒಕ್ಕಣೆಯೊಂದು ಬಾಕಿ ಇದೆ.”