ಬೋಗುಣಿಯಲ್ಲಿ ಉಗುಳಿದ ಮಾತು

ಮಗು ಹೇಳುವುದನ್ನು ಕೇಳಿಸಿಕೊಳ್ಳದೆ ಮಗುವಿಗೆ ಏನನ್ನೂ ಹೇಳಕೂಡದು.

ಬೆಳಗಲ್ಲು ಸಂಸ್ಥಾನದ ಪಾಠಶಾಲೆಯ ಬಾಗಿಲ ಮೇಲೆ, ಅದನ್ನು ಕಟ್ಟಿಸಿದ ಹಿಂದಿನ ಅರಸ ಕಲ್ಲಿನಲ್ಲಿ ಕೊರೆಸಿದ್ದ ನಿಯಮ ಇದು. ಇದನ್ನು ಓದಬಲ್ಲವರೆಲ್ಲರೂ ಮುರಿದಿದ್ದರು.

ಅದೇ ಕಲ್ಲಿನ ಕೆಳಗೆ ಒಂದು ಬೆಳ್ಳಿಯ ಬೋಗುಣಿ ಇಟ್ಟಿದ್ದರು. ಕುರಿ ಕಾಯುವವರ, ಮೀನು ಹಿಡಿಯುವವರ, ತಮಟೆ ಬಡಿಯುವವರ ಮಕ್ಕಳು ಒಳಗೆ ಕಾಲಿಡುವ ಮೊದಲು ಬಾಯಿ ಮುಕ್ಕಳಿಸಿ ಅದರಲ್ಲಿ ಉಗುಳಬೇಕು. "ಮನೆಯ ಮಾತೆಲ್ಲ ಇಲ್ಲೇ ಉಗುಳಿ ಬನ್ನಿ," ಎಂದು ಪ್ರಧಾನ ಪಂಡಿತ ನಂಜುಂಡಯ್ಯ ದಿನವೂ ನಿಂತು ನೋಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಬೋಗುಣಿಗೆ ನೊಣ ಮುತ್ತುತ್ತಿದ್ದವು. ಪಂಡಿತರು ಉತ್ತರೀಯದಿಂದ ಮೂಗು ಮುಚ್ಚಿಕೊಂಡು ಒಳಗೆ ಹೋಗಿ ಶುಚಿತ್ವದ ಮೇಲೆ ಪಾಠ ಹೇಳುತ್ತಿದ್ದರು.

ಒಂದು ದಿನ ರಾಣಿ ಗಿರಿಜಾಂಬೆ ಪಾಠಶಾಲೆಗೆ ಬಂದಳು. ನಲವತ್ತು ಮಕ್ಕಳನ್ನು ಮಾತಾಡಿಸಿದಳು. ಒಂದೂ ಬಾಯಿ ಬಿಡಲಿಲ್ಲ. ವಾರದೊಳಗೆ ಊರಿನಲ್ಲಿ ಡಂಗುರವಾಯಿತು.

"ಕೇಳ್ರಪ್ಪೋ ಕೇಳಿ! ರಾಣಿಯವರು ಮೂರು ಒಗಟು ಕೇಳ್ತಾರೆ. ಮೂರನ್ನೂ ಬಿಡಿಸಿದವನಿಗೆ ಪಾಠಶಾಲೆಯ ಗುರುಪೀಠ! ತಪ್ಪಿದವನಿಗೆ ಆನೆಯ ಕಾಲು!"

ಪಾಠಶಾಲೆಯ ಮೂವರು ಪಂಡಿತರು ಒಟ್ಟಿಗೇ ಬಂದರು, ಒಂದೊಂದು ಒಗಟು ಹಂಚಿಕೊಂಡರೆ ಅಪಾಯವೂ ಹಂಚಿಹೋಗುತ್ತದೆಂಬ ಲೆಕ್ಕಾಚಾರದಲ್ಲಿ. ಮಕ್ಕಳನ್ನು ಸಭೆಯ ಮೂಲೆಯಲ್ಲಿ ಕೂರಿಸಿದ್ದರು.

ರಾಣಿ ಮೊದಲನೆಯದನ್ನು ಕೇಳಿದಳು. "ಎಣಿಸಲು ಬಾರದವನ ಹತ್ತಿರ ಇನ್ನೂರು ಇವೆ. ಸಂಜೆ ಒಂದು ಕಡಿಮೆಯಾದರೂ ಅವನಿಗೆ ತಿಳಿಯುತ್ತದೆ. ಹೇಗೆ?"

ಗಣಿತದ ಪಂಡಿತ ನಕ್ಕ. "ಎಣಿಸಲು ಬಾರದವನಿಗೆ ಏನು ತಾನೆ ತಿಳಿದೀತು? ಒಗಟೇ ತಪ್ಪು, ಮಹಾರಾಣಿ."

ಅವನ ಕೈಗೆ ಹಗ್ಗ ಬಿತ್ತು.

"ಅದರಲ್ಲಿ ಇರುವುದಕ್ಕಿಂತ ಇಲ್ಲದ್ದೇ ಹೆಚ್ಚು. ಆ ಇಲ್ಲದ್ದನ್ನೇ ಅಳೆದು ಮಾಡುತ್ತಾರೆ. ಅಳತೆ ತಪ್ಪಿದರೆ ಬರುವ ವರ್ಷ ಮನೆಮಂದಿಗೆಲ್ಲ ಉಪವಾಸ. ಏನದು?"

"ಶೂನ್ಯ!" ಎಂದ ತರ್ಕದ ಪಂಡಿತ. ರಾಣಿಯ ಮುಖ ನೋಡಿ, "ಅಲ್ಲ, ಆಕಾಶ!" ಎಂದ. ಅವನಿಗೂ ಹಗ್ಗ ಬಿತ್ತು.

"ಬದುಕಿದ್ದಾಗ ಇಲ್ಲದ ದೊಡ್ಡ ದನಿ ಸತ್ತ ಮೇಲೆ ಬಂತು. ದನಿ ಕುಗ್ಗಿದರೆ ಬೆಂಕಿ ತೋರಿಸಬೇಕು. ಏನದು?"

"ಪುಣ್ಯಪುರುಷರ ಕೀರ್ತಿ!" ಎಂದು ಕಾವ್ಯ ಹೇಳಿಕೊಡುವ ನಂಜುಂಡಯ್ಯ ಕಣ್ಣು ಮುಚ್ಚಿ ತಲೆದೂಗಿದರು. ಮೂಲೆಯಲ್ಲಿದ್ದ ಒಂದು ಹುಡುಗಿ ಕಿಸಕ್ಕನೆ ನಕ್ಕಳು. ಅವರು ಕಣ್ಣು ಬಿಟ್ಟ ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದಳು.

ಪಂಡಿತರಿಗೂ ಹಗ್ಗ ಬೀಳುವಷ್ಟರಲ್ಲಿ ಹಿಂದಿನಿಂದ ಒಬ್ಬ ಎದ್ದ. ದ್ಯಾವ, ಬೋಗುಣಿ ಚೆಲ್ಲಿ ತೊಳೆಯುವವನು. "ನಾನು ಹೇಳಬಹುದಾ, ತಾಯಿ?"

"ಎಂಜಲು ಎತ್ತುವವನಿಗೆ ಒಗಟು ಬೇರೆ!" ಎಂದರು ನಂಜುಂಡಯ್ಯ. "ನಿನ್ನನ್ನು ತುಳಿಯೋಕೆ ಆನೆಗೂ ಹೇಸಿಗೆ ಆದೀತು ಕಣೋ."

"ಆನೆಗೆ ನಿಮ್ಮಷ್ಟು ಮಡಿ ಇರಲ್ಲ, ಸ್ವಾಮಿ."

ಅವನು ರಾಣಿಯ ಎದುರಿಗೆ ಬಂದು ನಿಂತ.

"ಮೊದಲನೇದು ಕುರಿಮಂದೆ, ತಾಯಿ. ಕುರುಬರ ಮಾಳಿ ಹೇಳಿದ್ದು. ಮರಿ ತಪ್ಪಿಸಿಕೊಂಡರೆ ತಾಯಿಕುರಿ ಒದರುತ್ತೆ, ತಾಯಿ ತಪ್ಪಿಸಿಕೊಂಡರೆ ಮರಿ ಒದರುತ್ತೆ. ದೊಡ್ಡಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರೆ ಸಾಕು, ಎಣಿಸೋದೇ ಬೇಡ. ಎರಡನೇದು ಮೀನಿನ ಬಲೆ. ಅದರ ಕಣ್ಣು ಎರಡು ಬೆರಳಗಲ ಇರಬೇಕು ಅಂತ ಬೆಸ್ತರ ತಿಮ್ಮ ಬೆರಳಿಟ್ಟು ತೋರಿಸಿದ. ಸಣ್ಣದಾದರೆ ಮರಿಮೀನೂ ಸಿಕ್ಕಿಬೀಳುತ್ತೆ. ಮರಿ ತಿಂದುಬಿಟ್ಟರೆ ಮುಂದಿನ ವರ್ಷ ಹೊಳೆ ಖಾಲಿ."

"ಮೂರನೆಯದು?"

"ತಮಟೆ. ಈಗ ನಕ್ಕಳಲ್ಲ, ನಮ್ಮ ಕೇರಿಯ ಕೆಂಪಿ, ಅವಳನ್ನೇ ಕೇಳಿ. ಚರ್ಮ ಥಂಡಿ ಹಿಡಿದರೆ ದನಿ ಏಳಲ್ಲ. ಹುಲ್ಲಿನ ಬೆಂಕಿಗೆ ಕಾಯಿಸಬೇಕು."



"ಮೂರೂ ಸರಿ," ಎಂದಳು ರಾಣಿ. "ಈ ಮಕ್ಕಳ ಮನೆಗಳಿಗೆ ಹೋಗಿ ಅವರ ತಾಯಂದಿರಿಂದ ಕೇಳಿ ತಂದ ಒಗಟುಗಳು ಇವು. ನಿನಗೆ ಹೇಗೆ ತಿಳಿಯಿತು?"

"ಬಾವಿಕಟ್ಟೆಯಲ್ಲಿ ಬೋಗುಣಿ ತೊಳೀತಿರ್ತೀನಿ. ಪಾಠ ಬಿಟ್ಟ ಮೇಲೆ ಮಕ್ಕಳು ಅಲ್ಲಿಗೆ ಬರ್ತವೆ. ಕೇಳಿದರೆ ಹೇಳ್ತವೆ, ತಾಯಿ. ಇವರು ಯಾರೂ ಕೇಳಲಿಲ್ಲ, ಅಷ್ಟೆ."

ರಾಣಿ ತಲೆ ತಗ್ಗಿಸಿದಳು. ಆ ಬೆಳ್ಳಿಯ ಬೋಗುಣಿಯನ್ನು ಪಾಠಶಾಲೆಗೆ ಕಾಣಿಕೆ ಕೊಟ್ಟವಳು ಅವಳೇ.

"ಪೀಠ ನಿನ್ನದು," ಎಂದಳು ಕೊನೆಗೆ. "ಈ ಮೂವರನ್ನು ಏನು ಮಾಡಲಿ?"

"ಆನೆ ಬೇಡ, ತಾಯಿ. ಮಕ್ಕಳ ಹಿಂದಿನ ಸಾಲಿನಲ್ಲಿ ಕೂತು ಒಂದು ವರ್ಷ ಸುಮ್ಮನೆ ಕೇಳಿಸಿಕೊಳ್ಳಲಿ." ರಾಣಿ ಒಪ್ಪಿ ಹಗ್ಗ ಬಿಚ್ಚಿಸಿದಳು.

ಮರುದಿನ ಬೆಳಿಗ್ಗೆ ದ್ಯಾವ ಒಗೆದ ಪಂಚೆ ಉಟ್ಟು ಪಾಠಶಾಲೆಗೆ ಬಂದ. ಅವನು ಪೀಠ ಏರುವುದನ್ನು ನೋಡಲು ರಾಣಿಯೂ ಬಂದಿದ್ದಳು. ಬಾಗಿಲಲ್ಲಿ ನಂಜುಂಡಯ್ಯ ಅಡ್ಡ ನಿಂತಿದ್ದರು. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ, ಮೈಯಿಂದ ಆದಷ್ಟು ದೂರ ಹಿಡಿದ ಬೋಗುಣಿ.

"ಪೀಠ ಏರುವವನಿಗೂ ಪದ್ಧತಿ ಇದೇ. ನಿನ್ನ ಕೇರಿಯ ಮಾತು ಉಗುಳು, ಒಳಗೆ ಬಾ. ಇಲ್ಲವೋ, ಬಂದ ದಾರಿ ಹಿಡಿ."

ದ್ಯಾವ ರಾಣಿಯ ಕಡೆ ನೋಡಿದ. ಅವಳ ಕಣ್ಣು ತಾನೇ ಕೊಟ್ಟ ಬೋಗುಣಿಯ ಮೇಲಿತ್ತು. ಬಾಯಿ ಮುಕ್ಕಳಿಸಲು ಸಾಲಾಗಿ ನಿಂತಿದ್ದ ನಲವತ್ತು ಮಕ್ಕಳು ಅವನ ಬಾಯನ್ನೇ ನೋಡುತ್ತಿದ್ದರು.

ಅವನು ಚೊಂಬು ಎತ್ತಿದ. ಬಾಯಿ ತುಂಬ ನೀರು ತುಂಬಿಕೊಂಡ. ಕೆನ್ನೆ ಉಬ್ಬಿತು. ನಂಜುಂಡಯ್ಯ ಬೋಗುಣಿ ಮುಂದಕ್ಕೆ ಚಾಚಿದರು.

ಮಕ್ಕಳ ಕಡೆ ತಿರುಗಿ, ಎಲ್ಲರಿಗೂ ಕಾಣುವ ಹಾಗೆ, ದ್ಯಾವ ಆ ನೀರನ್ನು ನುಂಗಿದ.